ಬಹದ್ದೂರನ ಪುನರಾಗಮನ

ತೀರಿಕೊಂಡ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ಶಿಕಾರಿಪುರದ ಕಡೆ ಮೊದಲಿನಿಂದ ನಡೆದುಬಂದ ಪದ್ಧತಿ. ಅದರಿಂದ ಇದುವರೆಗೆ ಯಾರ ಮನೆಯೂ ಹಾಳಾಗಿಲ್ಲ. (ಮಾವನ ಹೆಸರು ಹಿಡಿದು ಬೈಯುವ ಅವಕಾಶ ಸಿಕ್ಕಿ ಕೆಲವು ಸೊಸೆಯಂದಿರಿಗೆ ಅನುಕೂಲವೇ ಆಗಿದೆ.) ಆದರೆ ತೀರಿಕೊಂಡ ಕಾರಿನ ಹೆಸರನ್ನು ಹೊಸ ಕಾರಿಗೆ ಇಡುವುದು ಮಹಾಪರಾಧ, ಹಾಗೆ ಇಟ್ಟವರನ್ನು ಕೋರ್ಟಿಗೆ ಎಳೆಯಬೇಕು ಎಂಬುದು ಈಸೂರಿನ ಮಾಲತೇಶನ ಖಚಿತ ಅಭಿಪ್ರಾಯ. ಎಳೆಯುವ ಧೈರ್ಯ ಅವನಿಗಿಲ್ಲ, ಅದು ಬೇರೆ ಮಾತು. ಕೋರ್ಟಿನ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುವಾಗಲೂ ಅವನು ಕೋರ್ಟಿಗೆ ಬೆನ್ನು ಹಾಕಿ ಕೂರುತ್ತಾನೆ.

ಈಸೂರು ಎಂದರೆ ನಲವತ್ತೆರಡರಲ್ಲಿ ಬ್ರಿಟಿಷರ ಎದುರು ಎದೆಯೊಡ್ಡಿ ನಿಂತ ಊರು. ಊರಿನ ಧೈರ್ಯವೆಲ್ಲ ಆಗಲೇ ಖರ್ಚಾಗಿಹೋಗಿ, ಮಾಲತೇಶ ಹುಟ್ಟುವ ಹೊತ್ತಿಗೆ ಅವನ ಪಾಲಿಗೆ ಏನೂ ಉಳಿದಿರಲಿಲ್ಲವೆಂದು ಕಾಣುತ್ತದೆ. ಗ್ಯಾಸ್ ಸಿಲಿಂಡರಿಗೆ ರೆಗ್ಯುಲೇಟರ್ ಹಾಕಲು ಹೆದರುತ್ತಾನೆ, ಅಂಗಳದ ಹುಂಜಕ್ಕೆ ಹೆದರುತ್ತಾನೆ, ಗೊತ್ತಿಲ್ಲದ ನಂಬರಿನಿಂದ ಬಂದ ಮಿಸ್ಡ್ ಕಾಲಿಗೆ ಹೆದರುತ್ತಾನೆ. ಹೆಂಡತಿ ನಾಗವೇಣಿಗಂತೂ ಮದುವೆಯಾದ ದಿನದಿಂದ ಹೆದರುತ್ತಾನೆ. ಅದನ್ನು ಹೇಡಿತನದ ಪಟ್ಟಿಯಲ್ಲಿ ಸೇರಿಸಬಾರದು, ಆ ವಿಷಯದಲ್ಲಿ ಎಲ್ಲ ಗಂಡಂದಿರೂ ಒಂದೇ. ಇಷ್ಟೆಲ್ಲ ಭಯಗಳ ಮೇಲೆ ಕಳಶವಿಟ್ಟಂತೆ ಇರುವುದು ತಾಯಿ ಗುಡ್ಡಮ್ಮನ ಭಯ.

ಗುಡ್ಡಮ್ಮ ಹೊಡೆಯುವವಳಲ್ಲ, ಬೈಯುವವಳೂ ಅಲ್ಲ. ಮಾತು ಬಿಡುವವಳು. ಎಮ್ಮೆ ಮಾರುವಾಗ ಅದು ಎಷ್ಟು ಹಾಲು ಕೊಡುತ್ತದೆ ಎಂಬ ಬಗ್ಗೆ ಸುಳ್ಳು ಹೇಳಿದ ಸ್ವಂತ ತಮ್ಮನ ಜೊತೆ ಅವಳು ಮಾತು ಬಿಟ್ಟು ಹತ್ತೊಂಬತ್ತು ವರ್ಷವಾಯಿತು. ಆತ ಮನೆಗೆ ಬಂದರೆ ತಟ್ಟೆ ಇಡುತ್ತಾಳೆ, ಹೊಟ್ಟೆ ತುಂಬ ಬಡಿಸುತ್ತಾಳೆ, ಆದರೆ ಹೇಳುವುದನ್ನೆಲ್ಲ ನಡುಮನೆಯ ಕಂಬಕ್ಕೆ ಹೇಳುತ್ತಾಳೆ. "ಕಂಬಪ್ಪ, ಇನ್ನೊಂದು ರೊಟ್ಟಿ ಬೇಕೇನು ಕೇಳು" ಎನ್ನುತ್ತಾಳೆ. ಆ ತಮ್ಮನೂ ಹತ್ತೊಂಬತ್ತು ವರ್ಷದಿಂದ ಕಂಬದ ಕಡೆ ತಿರುಗಿ ಸಾಕು ಎನ್ನುತ್ತಿದ್ದಾನೆ. ಒಂದಲ್ಲ ಒಂದು ದಿನ ತಾನೂ ಆ ಕಂಬದ ಮೂಲಕವೇ ತಾಯಿಯ ಹತ್ತಿರ ಮಾತಾಡಬೇಕಾಗುತ್ತದೆ ಎಂಬುದು ಮಾಲತೇಶನ ಒಂಬತ್ತು ವರ್ಷದ ಭಯ. ಯಾಕೆಂದರೆ ಅವನು ಹೇಳಿದ ಸುಳ್ಳು ಎಮ್ಮೆಗಿಂತ ದೊಡ್ಡದು, ನಾಲ್ಕು ಚಕ್ರದ್ದು.

ಬಹಳ ಹಿಂದೆ ಬಹದ್ದೂರ್ ಎಂಬ ಡೀಸೆಲ್ ಗಾಡಿಯೊಂದು ಬರುತ್ತಿತ್ತು. ಮುಂದೆ ಎರಡು ದುಂಡು ದೀಪ, ಹಿಂದಿನ ಬಾಗಿಲಿಗೆ ಸಿಕ್ಕಿಸಿದ ಸ್ಟೆಪ್ನಿ, ಮೂತಿಯ ಮೇಲೆ ಓರೆ ಅಕ್ಷರದಲ್ಲಿ ಹೆಸರು. ಮಾಲತೇಶನ ಅಪ್ಪ ಹುಚ್ಚರಾಯಪ್ಪ ಕೆಂಪು ಬಣ್ಣದ್ದೊಂದನ್ನು ತಂದು ಇಪ್ಪತ್ತು ವರ್ಷ ಓಡಿಸಿದರು. ಅದರ ಸದ್ದು ಎಷ್ಟಿತ್ತೆಂದರೆ, ಅವರು ಶಿರಾಳಕೊಪ್ಪ ಬಿಟ್ಟಿದ್ದು ಈಸೂರಿನಲ್ಲಿ ಗುಡ್ಡಮ್ಮನಿಗೆ ಕೇಳಿಸಿ, ಅವಳು ಒಲೆಯ ಮೇಲೆ ಹಂಚು ಇಡುತ್ತಿದ್ದಳಂತೆ. ಊರಿನವರು ಅವರನ್ನು ಬಹದ್ದೂರ್ ಹುಚ್ಚರಾಯಪ್ಪ ಎಂದೇ ಕರೆಯುತ್ತಿದ್ದರು. ಮಗನನ್ನು ಏನೆಂದು ಕರೆಯುತ್ತಿದ್ದರು ಎಂಬುದು ಇಲ್ಲಿ ಬೇಡ.

ಹುಚ್ಚರಾಯಪ್ಪ ತೀರಿಕೊಂಡ ಮೇಲೆ ಗಾಡಿ ಹುಲ್ಲಿನ ಬಣವೆಯ ಪಕ್ಕ ನಿಂತಿತು. ಗುಡ್ಡಮ್ಮ ಪ್ರತಿ ಶುಕ್ರವಾರ ಅದಕ್ಕೆ ನೀರು ಹಾಕಿ ಒರೆಸುತ್ತಿದ್ದಳು. ಇನ್ನು ಬೇರೆ ಯಾರ ಕಾರನ್ನೂ ಹತ್ತುವುದಿಲ್ಲ ಎಂದು ಶಪಥ ಮಾಡಿ ಬಸ್ಸಿನಲ್ಲೇ ಓಡಾಡುತ್ತಿದ್ದಳು. ಹೀಗಿರುವಾಗ ಅವಳು ಮಗಳು ಜ್ಯೋತಿಲಕ್ಷ್ಮಿಯ ಬಾಣಂತನಕ್ಕೆಂದು ಸೊರಬದ ಆಚೆ ಗುಡವಿಗೆ ಹೋದಳು. ಅವಳು ಇಲ್ಲದ ಒಂದು ಬೆಳಿಗ್ಗೆ, ಗಾಡಿಯನ್ನು ತಾನಾದರೂ ಒರೆಸೋಣವೆಂದು ಮಾಲತೇಶ ಬಾಗಿಲು ತೆಗೆದ. ಸ್ಟೇರಿಂಗಿಗೆ ಒಂದು ಹಾವಿನ ಪೊರೆ ಸುತ್ತಿಕೊಂಡಿತ್ತು. ಪೊರೆ ಇದ್ದ ಮೇಲೆ ಹಾವೂ ಇರಬೇಕು, ಹಾವು ಇದ್ದ ಮೇಲೆ ಅದರ ಸಂಸಾರವೂ ಇರಬೇಕು. ಮಾಲತೇಶ ಅಲ್ಲಿಂದ ಓಡಿದವನು ಊರ ಬಾಗಿಲಿನವರೆಗೂ ನಿಲ್ಲಲಿಲ್ಲ. ಮಾರನೆಯ ದಿನವೇ ಗುಜರಿಯವರನ್ನು ಕರೆಸಿ, ಬಹದ್ದೂರನನ್ನು ಇದ್ದ ಹಾಗೇ ತೂಕಕ್ಕೆ ಹಾಕಿಬಿಟ್ಟ. ಗುಜರಿಯವರು ಇಡೀ ಗಾಡಿಯನ್ನು ತುಂಡು ತುಂಡು ಮಾಡಿದರೂ ಒಂದು ಹಾವೂ ಸಿಗಲಿಲ್ಲ. ಹೋಗುವಾಗ ಮೇಲಿಂದ ಎರಡು ಪ್ಲಾಸ್ಟಿಕ್ ಕುರ್ಚಿ ಕೊಟ್ಟು ಹೋದರು.

ತಿಂಗಳ ಮೇಲೆ ತಾಯಿ ಬಂದಳು. ಕೈಕಾಲು ತೊಳೆಯುವುದಕ್ಕೂ ಮೊದಲು ಬಣವೆಯ ಕಡೆ ನೋಡಿ, ಗಾಡಿ ಎಲ್ಲಿ ಎಂದಳು. ಹೊಸ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ಮಾಲತೇಶನಿಗೆ ನಿಜ ಗಂಟಲವರೆಗೂ ಬಂತು. ಅಷ್ಟರಲ್ಲಿ ಕಣ್ಣು ಆ ಕಂಬದ ಮೇಲೆ ಬಿತ್ತು.

"ರಿಪೇರಿಗೆ ಕೊಟ್ಟೀನಿ ಅವ್ವ, ಶಿವಮೊಗ್ಗದಾಗ" ಎಂದ.

"ಯಾರ ಹತ್ರ?"

"ಚಿಕ್ಕಬೀರಪ್ಪ ಅಂತ ಒಬ್ಬ ಮಿಸ್ತ್ರಿ."

ಹೀಗೆ ಆ ಸಂಜೆ ಐದೂವರೆಗೆ, ತಂದೆ ತಾಯಿಗಳ ನೆರವಿಲ್ಲದೆ, ಚಿಕ್ಕಬೀರಪ್ಪ ಮಿಸ್ತ್ರಿ ಭೂಮಿಗೆ ಬಂದ. ಬಂದವನು ಬೆಳೆಯುತ್ತ ಹೋದ. ಗಾಡಿ ಯಾಕೆ ಬರಲಿಲ್ಲ ಎಂದು ಗುಡ್ಡಮ್ಮ ಕೇಳಿದಾಗಲೆಲ್ಲ ಅವನಿಗೆ ಒಂದೊಂದು ಕಷ್ಟ ಬಂತು. ಒಮ್ಮೆ ಕಾಲು ಮುರಿಯಿತು, ಒಮ್ಮೆ ಶೆಡ್ಡಿನ ಶೀಟು ಹಾರಿಹೋಯಿತು, ಒಮ್ಮೆ ಬೇಕಾದ ಸಾಮಾನು ಮುಂಬಯಿಯಲ್ಲೂ ಸಿಗಲಿಲ್ಲ. ಮೂರನೆಯ ವರ್ಷ ಅವನಿಗೆ ಒಬ್ಬ ಮಗಳು ಹುಟ್ಟಿದಳು. ಹುಟ್ಟಿದ ವರ್ಷವೇ ಅವಳಿಗೆ ಮದುವೆಯೂ ಆಯಿತು, ಏಕೆಂದರೆ ಮಾಲತೇಶನಿಗೆ ಆ ವರ್ಷ ಬೇರೆ ನೆಪ ಹೊಳೆಯಲಿಲ್ಲ. ಗುಡ್ಡಮ್ಮ ಆ ಮದುವೆಗೆ ಒಂದು ಸೀರೆ ಕಳಿಸಿದಳು. (ಆ ಸೀರೆಯನ್ನು ನಾಗವೇಣಿ ತವರಿಗೆ ಹೋದಾಗ ಮಾತ್ರ ಉಡುತ್ತಾಳೆ.) ಪ್ರತಿ ವರ್ಷ ಮಿಸ್ತ್ರಿಗೆಂದು ಒಂದು ಭರಣಿ ಮಿಡಿ ಉಪ್ಪಿನಕಾಯಿ ಬೇರೆ. ಅದನ್ನು ಅಟ್ಟದ ಮೇಲೆ ಕೂತು ತಿಂದೂ ತಿಂದೂ ಮಾಲತೇಶನಿಗೆ ಬಿಪಿ ಬಂತು. ಒಂದು ಸಲ, ಕೊರೊನಾ ಕಾಲದಲ್ಲಿ, ಮಿಸ್ತ್ರಿಯನ್ನು ಸಾಯಿಸಿಬಿಡಿ ಎಂದು ನಾಗವೇಣಿಯೇ ಹೇಳಿಕೊಟ್ಟಿದ್ದಳು. ಮಾಲತೇಶ ಧೈರ್ಯ ಮಾಡಿ ಮಿಸ್ತ್ರಿಗೆ ಜ್ವರದವರೆಗೂ ತಂದ. ಗುಡ್ಡಮ್ಮ ಆ ದಿನ ಊಟ ಬಿಟ್ಟು ಅತ್ತು, ಶಿಕಾರಿಪುರದ ಹುಚ್ಚರಾಯಸ್ವಾಮಿಗೆ ಹರಕೆ ಹೊತ್ತಳು. ಮೂರು ದಿನದಲ್ಲಿ ಜ್ವರ ಬಿಡಿಸಲೇಬೇಕಾಯಿತು.

ಹೀಗೆ ಹೇಗೋ ನಡೆದುಕೊಂಡು ಹೋಗುತ್ತಿದ್ದ ಸಂಸಾರಕ್ಕೆ ಆ ಕಾರು ಕಂಪನಿ ಕಲ್ಲು ಹಾಕಿತು. ಎಲ್ಲೋ ದೂರದ ಆಫೀಸಿನಲ್ಲಿ ತಂಪಾಗಿ ಕೂತವರಿಗೆ, ಹೊಸದಾಗಿ ಮಾಡಿದ ಕರೆಂಟಿನ ದೊಡ್ಡ ಗಾಡಿಗೆ ಹೆಸರು ಬೇಕಾಗಿತ್ತು. ಲೋಕದಲ್ಲಿ ಹೆಸರಿಗೆ ಬರವೇ? ಅವರು ಹಳೆಯ ಕಡತ ತೆಗೆದು, ಧೂಳು ಕೊಡವಿ, ಬಹದ್ದೂರ್ ಎಂದು ಇಟ್ಟರು. ಅಷ್ಟಕ್ಕೇ ನಿಲ್ಲದೆ ಅವೇ ದುಂಡು ದೀಪ, ಅದೇ ಸ್ಟೆಪ್ನಿ, ಅವೇ ಓರೆ ಅಕ್ಷರ ಹಚ್ಚಿದರು. ಅದೂ ಸಾಲದೆ, ಕೆಂಪು ಗಾಡಿಯೊಂದು ಧೂಳೆಬ್ಬಿಸಿ ಬರುವ ಚಿತ್ರ ಮಾಡಿ, 'ನಿಮ್ಮ ಬಹದ್ದೂರ್ ಮರಳಿ ಬಂದಿದೆ' ಎಂದು ಕನ್ನಡದಲ್ಲೇ ಟೀವಿಯಲ್ಲಿ ಸಾರಿದರು.

ಹೊಲದಿಂದ ಬಂದ ಮಾಲತೇಶನನ್ನು ತಾಯಿ ಬಾಗಿಲಲ್ಲೇ ತಡೆದಳು.

"ಚಿಕ್ಕಬೀರಪ್ಪ ಕೆಲ್ಸ ಮುಗಿಸ್ಯಾನಪ್ಪ" ಎಂದಳು. "ನಿನ್ನ ಫೋನು ಯಾವಾಗ್ಲೂ ಹತ್ತಲ್ಲ. ಪಾಪ, ಟೀವಿನಾಗ ಹೇಳಿ ಕಳ್ಸ್ಯಾನೆ. ನಾಳೆ ಹೋಗಿ ತಗಂಬಾ."

ಹೊಸ ಗಾಡಿಯ ಜಾಹೀರಾತು ಅದು ಎಂದು ಹೇಳಲು ಮಾಲತೇಶ ಬಾಯಿ ತೆರೆದ. ಹಾಗಾದರೆ ನಮ್ಮ ಗಾಡಿ ಎಲ್ಲಿ ಎಂಬ ಪ್ರಶ್ನೆ ಅದರ ಹಿಂದೆಯೇ ಬರುವುದು ಕಾಣಿಸಿತು. ಬಾಯಿ ಮುಚ್ಚಿದ.

ದಾರಿ ತೋರಿಸಿದವಳು ನಾಗವೇಣಿ. ಆ ವರ್ಷ ಶುಂಠಿ ಬೆಳೆ ಕೈ ಹಿಡಿದಿತ್ತು, ಹೇಗೂ ಒಂದು ಕಾರು ತೆಗೆದುಕೊಳ್ಳಬೇಕು ಎಂದು ಅವಳು ಎರಡು ವರ್ಷದಿಂದ ಹೇಳುತ್ತಲೇ ಇದ್ದಳು. ಅದನ್ನೇ ತಂದುಬಿಡಿ, ಅದೇ ಹೆಸರು, ಅದೇ ಬಣ್ಣ, ರಿಪೇರಿ ಆಗಿ ಬಂತು ಅಂದರಾಯಿತು, ಅತ್ತೆಯ ಒಂದು ಕಣ್ಣಿಗೆ ಪೊರೆ ಬಂದಿದೆ, ಇನ್ನೊಂದು ಕಣ್ಣಿಗೆ ಗಂಡನ ಗಾಡಿ ಬಂದ ಸಂತೋಷವೇ ಸಾಕು ಎಂದಳು. ಮಿಕ್ಸಿಯ ಪ್ಲಗ್ಗನ್ನೇ ಟವೆಲ್ಲು ಸುತ್ತಿ ಕೀಳುವವನು ಮಾಲತೇಶ. ಕರೆಂಟಿನ ಮೇಲೆ ಕೂತು ಊರೂರು ಸುತ್ತುವುದು ಹೇಗೆ? ಕರೆಂಟೋ ಕಂಬವೋ ನೀವೇ ಆರಿಸಿಕೊಳ್ಳಿ ಎಂದಳು ನಾಗವೇಣಿ. ಮಾಲತೇಶ ಕರೆಂಟನ್ನು ಆರಿಸಿಕೊಂಡ. ಗಾಡಿ ಕೈಗೆ ಸಿಗಲು ಮೂರು ತಿಂಗಳು ಕಾಯಬೇಕಾಯಿತು. ಅಷ್ಟೂ ದಿನ ತಾಯಿಗೆ, ಬಣ್ಣ ಒಣಗುತ್ತಿದೆ ಎಂದು ಹೇಳಿದ.

ಗಾಡಿ ಬಂದ ದಿನ ಮಾಲತೇಶ ಬೆಳಗಿನಿಂದ ಏನೂ ತಿಂದಿರಲಿಲ್ಲ. ಗುಡ್ಡಮ್ಮ ಹೊಸ ಸೀರೆ ಉಟ್ಟು ಅಂಗಳಕ್ಕೆ ಬಂದು, ಗಾಡಿಯ ಸುತ್ತ ನಿಧಾನವಾಗಿ ಒಂದು ಸುತ್ತು ಬಂದಳು. ಮೂತಿಯ ಮೇಲಿನ ಓರೆ ಅಕ್ಷರಗಳನ್ನು ಒಂದೊಂದಾಗಿ ಬೆರಳಿನಲ್ಲಿ ಸವರಿದಳು. ಕಣ್ಣು ಒರೆಸಿಕೊಂಡಳು. ಆಮೇಲೆ ಪ್ರಶ್ನೆಗಳು ಶುರುವಾದವು. ತಹಶೀಲ್ದಾರರ ಆಫೀಸಿನಲ್ಲೂ ಯಾರೂ ಅವನನ್ನು ಹಾಗೆ ವಿಚಾರಿಸಿದ್ದಿಲ್ಲ.

ಸದ್ದೇ ಇಲ್ಲದೆ ಹೇಗೆ ಬಂತು? ಅಪ್ಪನ ಕಾಲದಲ್ಲಿ ಸೈಲೆನ್ಸರ್ ಬಿದ್ದುಹೋಗಿತ್ತು, ಮಿಸ್ತ್ರಿ ಹೊಸದು ಹಾಕಿದ್ದಾನೆ. ನಂಬರಿನ ಬೋರ್ಡು ಹಸಿರು ಯಾಕೆ? ಅಪ್ಪ ಹಸಿರು ಶಾಲು ಹೊದೆಯುತ್ತಿದ್ದರಲ್ಲ, ಆ ನೆನಪಿಗೆ. ಈ ಉತ್ತರ ಕೇಳಿ ಗುಡ್ಡಮ್ಮ ಮತ್ತೆ ಕಣ್ಣು ಒರೆಸಿಕೊಂಡಳು. ಹಿಂದುಗಡೆ ಇಂಗ್ಲಿಷಿನಲ್ಲಿ ಎರಡು ಅಕ್ಷರ ಇದೆಯಲ್ಲ, ಅದೇನು? ಮಾಲತೇಶನ ಬತ್ತಳಿಕೆ ಬರಿದಾಗಿತ್ತು. ನಾಗವೇಣಿ ಮುಂದೆ ಬಂದು, ಇ ಅಂದರೆ ಈಶ್ವರ, ವಿ ಅಂದರೆ ವಿಷ್ಣು, ಮಿಸ್ತ್ರಿ ಬಹಳ ದೈವಭಕ್ತ ಎಂದಳು. ಗುಡ್ಡಮ್ಮ ಆ ಎರಡೂ ಅಕ್ಷರ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ಮಾಲತೇಶ ಉಸಿರು ಬಿಡಬೇಕು ಅನ್ನುವಷ್ಟರಲ್ಲಿ ತಾಯಿ ಕೈ ಚಾಚಿದಳು. ಅಪ್ಪ ಇದ್ದಾಗ ಬಹದ್ದೂರನ ಬೀಗದ ಕೈ ತನ್ನ ಸೊಂಟದಲ್ಲೇ ಇರುತ್ತಿತ್ತು, ಇನ್ನು ಮುಂದೂ ಅಲ್ಲೇ ಇರಲಿ ಎಂದಳು. ಮಾಲತೇಶ ಕೊಟ್ಟ. ಈ ಹೊಸ ಗಾಡಿಗೆ ಕೀಲಿ ಹತ್ತಿರದಲ್ಲಿ ಎಲ್ಲಾದರೂ ಇದ್ದರೆ ಸಾಕು, ಚಾಲೂ ಆಗುತ್ತದೆ, ಕೀಲಿ ಯಾರ ಸೊಂಟದಲ್ಲಿದ್ದರೇನು ಎಂದು ಅಂದುಕೊಂಡ. ಸೋಮವಾರ ಗುಡವಿಗೆ ಹೋಗಿ ಜ್ಯೋತಿಗೆ ಗಾಡಿ ತೋರಿಸಿ, ಹಾಗೇ ಅವಳಿಗೆ ಉಡಿ ತುಂಬಿ ಬರೋಣ ಎಂದಳು ಗುಡ್ಡಮ್ಮ.

ಸೋಮವಾರದ ಆ ಪ್ರಯಾಣವನ್ನು ನೆನೆಸಿಕೊಂಡರೆ ಮಾಲತೇಶನಿಗೆ ಈಗಲೂ ಬೆವರು ಬರುತ್ತದೆ. ಗುಡ್ಡಮ್ಮ ಮುಂದಿನ ಸೀಟಿನಲ್ಲಿ ಕೂತಳು, ನಾಗವೇಣಿ ಹಿಂದೆ. ಹೊರಟು ಹತ್ತು ಮಾರು ಹೋಗಿಲ್ಲ, ಗಾಡಿಯ ಒಳಗಿಂದ ಒಂದು ಹೆಣ್ಣು ಧ್ವನಿ, ದಯವಿಟ್ಟು ಸೀಟ್ ಬೆಲ್ಟ್ ಧರಿಸಿ ಎಂದಿತು. ಗುಡ್ಡಮ್ಮ ಸೆರಗು ಸರಿಮಾಡಿಕೊಂಡು ಹಿಂದೆ ಮುಂದೆ ನೋಡಿದಳು.

"ಯಾರು ಇವಳು?" ಎಂದಳು. "ನಿಮ್ಮಪ್ಪ ಇದ್ದಾಗ ಈ ಗಾಡಿನಾಗ ಯಾವ ಹೆಂಗ್ಸೂ ಇರ್ಲಿಲ್ಲ."

ಮಾಲತೇಶ ಹೆದರಿಕೆಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿದ: ಅದು ಮಿಸ್ತ್ರಿಯ ಮಗಳ ಧ್ವನಿ, ಸೀರೆ ಕಳಿಸಿದ್ದೆಯಲ್ಲ, ಆ ಹುಡುಗಿಯದು, ರೆಕಾರ್ಡ್ ಮಾಡಿ ಇಟ್ಟಿದ್ದಾರೆ. ಗುಡ್ಡಮ್ಮನ ಮುಖ ಅರಳಿತು. ಅಲ್ಲಿಂದ ಶಿರಾಳಕೊಪ್ಪದವರೆಗೂ ಅವಳು ಆ ಹುಡುಗಿಯ ಹತ್ತಿರ ಮಾತಾಡುತ್ತಲೇ ಬಂದಳು. ಸೀರೆ ಹಿಡಿಸಿತೇ, ಅತ್ತೆ ಒಳ್ಳೆಯವಳೇ, ಎಷ್ಟು ಮಕ್ಕಳು ಎಂದು ಕೇಳಿದಳು. ಮುಂದೆ ಎಡಕ್ಕೆ ತಿರುಗಿ ಎಂದಿತು ಗಾಡಿ. ಪಾಪ, ನಾಚಿಕೆ ಸ್ವಭಾವ ಎಂದಳು ಗುಡ್ಡಮ್ಮ.

ಶಿರಾಳಕೊಪ್ಪ ಹತ್ತಿರ ಬಂದಾಗ ದೊಡ್ಡ ಗಂಡಾಂತರ ಕಾದಿತ್ತು. ಹುಚ್ಚರಾಯಪ್ಪ ಯಾವಾಗಲೂ ಅಲ್ಲಿನ ಬಂಕಿನಲ್ಲಿ ನಿಲ್ಲಿಸಿ ಡೀಸೆಲ್ ಹಾಕಿಸುತ್ತಿದ್ದರು, ಇವತ್ತೂ ಹಾಕಿಸು ಎಂದಳು ಗುಡ್ಡಮ್ಮ. ಡೀಸೆಲ್ ತುಂಬ ಇದೆ ಎಂದ ಮಾಲತೇಶ. ಇರಲಿ, ಶಾಸ್ತ್ರಕ್ಕಾದರೂ ಒಂದು ಲೀಟರ್ ಬೀಳಲಿ ಎಂದಳು. ತಾಯಿಯ ಮಾತಿಗೆ ಇಲ್ಲ ಎನ್ನುವ ಧೈರ್ಯವಿಲ್ಲದೆ ಅವನು ಬಂಕಿಗೆ ತಿರುಗಿಸಿದ. ಬಂಕಿನವನು ಪೈಪು ಹಿಡಿದು ಬಂದು, ಗಾಡಿಯ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಬಗ್ಗಿ ನೋಡಿದ. ಮಾಲತೇಶ ಒಳಗಿನಿಂದ ಕಣ್ಣಿನಲ್ಲಿ, ಹುಬ್ಬಿನಲ್ಲಿ, ಕೊನೆಗೆ ಎರಡೂ ಕೈ ಮುಗಿದು ಸನ್ನೆ ಮಾಡಿದ. ಆ ಮನುಷ್ಯನಿಗೆ ಸನ್ನೆ ತಿಳಿಯಲಿಲ್ಲ.

"ಇದು ಕರೆಂಟಿನ ಗಾಡಿ ಅಲ್ಲೇನ್ರಿ?" ಎಂದು ಬಂಕಿಗೆಲ್ಲ ಕೇಳುವಂತೆ ಕೂಗಿದ.

ನಡುಮನೆಯ ಕಂಬ ಮಾಲತೇಶನ ಕಣ್ಣ ಮುಂದೆ ಬಂದು ನಿಂತಿತು. ಅವನೇನಂದ ಎಂದು ತಾಯಿ ಕೇಳಿದಳು. ಹಿಂದಿನ ಸೀಟಿನಿಂದ ನಾಗವೇಣಿ ನಿರಾಳವಾಗಿ, ಕರೆಂಟಿಲ್ಲ ಅಂದ ಅತ್ತೆ, ಪಂಪು ನಡೆಯುವುದಿಲ್ಲವಂತೆ ಎಂದಳು. ಈ ಕರೆಂಟಿನವರಿಗೆ ಹೇಳುವವರು ಕೇಳುವವರು ಯಾರೂ ಇಲ್ಲ ಎಂದು ಗುಡ್ಡಮ್ಮ ಬೇಸರಪಟ್ಟಳು. ಮಾಲತೇಶನ ಕಾಲು ಎಷ್ಟು ನಡುಗುತ್ತಿತ್ತೆಂದರೆ ಗಾಡಿ ಬಂಕಿನಿಂದ ಕುಪ್ಪಳಿಸಿಕೊಂಡೇ ಹೊರಬಂತು.

ಸೊರಬ ದಾಟಿ ಗುಡವಿ ಮುಟ್ಟುವಾಗ ಮಧ್ಯಾಹ್ನ. ಸದ್ದಿಲ್ಲದ ಗಾಡಿ ಕೆರೆಯ ಏರಿ ಪಕ್ಕ ಹೋದರೂ ಮರದ ಮೇಲಿನ ಒಂದು ಕೊಕ್ಕರೆಯೂ ಎದ್ದು ಹಾರಲಿಲ್ಲ. ಜ್ಯೋತಿಲಕ್ಷ್ಮಿ ಆರತಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವಳ ಗಂಡ ಲೋಕಪ್ಪ ಗಾಡಿಯನ್ನು ಬಾಯಿ ಬಿಟ್ಟುಕೊಂಡು ನೋಡಿದ. ಅವನು ಪೇಪರು ಓದುವವನಲ್ಲ, ಟೀವಿಯಲ್ಲಿ ಕುಸ್ತಿ ಬಿಟ್ಟರೆ ಬೇರೆ ಏನನ್ನೂ ನೋಡುವವನಲ್ಲ ಎಂಬುದೊಂದೇ ಮಾಲತೇಶನಿಗೆ ಸಮಾಧಾನ. ಒಂಬತ್ತು ವರ್ಷ ತಗೊಂಡರೂ ಮಿಸ್ತ್ರಿ ಕೆಲಸ ಅಂದರೆ ಹೀಗಿರಬೇಕು ಮಾರಾಯ್ರೆ, ಒಂದು ಗೀರೂ ಬಿಟ್ಟಿಲ್ಲ ಎಂದು ಲೋಕಪ್ಪ ತಲೆದೂಗಿದ. ಊಟಕ್ಕೆ ಕೂತಾಗ ಮಾಲತೇಶನಿಗೆ ಬಹಳ ದಿನಗಳ ಮೇಲೆ ಅನ್ನ ರುಚಿಸಿತು. ಗೆದ್ದೆ ಅಂದುಕೊಂಡ. ಎರಡು ಸಲ ಸಾರು ಹಾಕಿಸಿಕೊಂಡ.

ಊಟವಾದ ಮೇಲೆ ಉಡಿ ತುಂಬುವ ಶಾಸ್ತ್ರ. ಜ್ಯೋತಿ ಮಣೆಯ ಮೇಲೆ ಕೂತು ಸೆರಗು ಒಡ್ಡಿದಳು. ಗಂಡ ಇಲ್ಲದ ಗುಡ್ಡಮ್ಮ ತಾನು ತುಂಬುವಂತಿಲ್ಲ. ತವರಿನ ಪರವಾಗಿ ತುಂಬಬೇಕಾದವಳು ಅತ್ತಿಗೆ. ಗುಡ್ಡಮ್ಮ ಊರಿನಲ್ಲೇ ಸಜ್ಜು ಮಾಡಿ ತಂದಿದ್ದ ಮೊರವನ್ನು, ಮೇಲೆ ಕುಬಸದ ಬಟ್ಟೆ ಮುಚ್ಚಿ, ಸೊಸೆಯ ಕೈಗೆ ಕೊಟ್ಟಳು. ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಎಲೆ ಅಡಿಕೆ. ನಾಗವೇಣಿ ಅರಿಶಿನ ಕುಂಕುಮ ಹಚ್ಚಿ, ಭಕ್ತಿಯಿಂದ ಎರಡೂ ಕೈಯಲ್ಲಿ ಮೊಗೆದು ಐದು ಸಲ ನಾದಿನಿಯ ಉಡಿಗೆ ಹಾಕಿದಳು. ಐದನೆಯ ಸಲ ಅಕ್ಕಿಯ ಜೊತೆ ಏನೋ ಟಣ್ ಎಂದು ಬಿತ್ತು.

ಎಲ್ಲರೂ ನೋಡಿದರು. ಜ್ಯೋತಿಯ ಉಡಿಯಲ್ಲಿ, ಕೊಬ್ಬರಿ ಬಟ್ಟಲಿಗೆ ಒರಗಿಕೊಂಡು, ಬಹದ್ದೂರನ ಬೀಗದ ಕೈ ಕೂತಿತ್ತು.

ಉಡಿಗೆ ಬಿದ್ದದ್ದನ್ನು ಯಾರೂ ವಾಪಸ್ ತೆಗೆಯುವಂತಿಲ್ಲ. ಅಕ್ಕಿಯಲ್ಲಿ ಕಲ್ಲಿದ್ದರೂ ಅದು ಮಗಳದ್ದೇ. ನಾಗವೇಣಿ ತನ್ನ ಎರಡು ಕೈಗಳ ಕಡೆ ನೋಡಿಕೊಂಡಳು. ಮಾಲತೇಶನಿಗೆ ಮೊದಲು ಅರ್ಥವಾಗಲಿಲ್ಲ. ತಾಯಿ ಎಲ್ಲೋ ಮರೆತು ಇಟ್ಟಿದ್ದಾಳೆ ಅಂದುಕೊಂಡ. ಗುಡ್ಡಮ್ಮ ಏನನ್ನೂ ಮರೆತಿರಲಿಲ್ಲ. ಅವಳು ಮಗನ ಪಕ್ಕ ಬಂದು ಕೂತು, ಅವನ ತೋಳು ಸವರಿದಳು.

"ನಿಮ್ಮಪ್ಪ ಹೋಗೋ ಮುಂಚೆ ನನ್ನ ಹತ್ರ ಒಂದು ಮಾತು ಹೇಳಿದ್ರು" ಎಂದಳು. "ಗಾಡಿನ ಜ್ಯೋತಿಗೆ ಕೊಟ್ಬಿಡು, ಮಾಲತೇಶನ ಹತ್ರ ಬಿಟ್ರೆ ಹೆದರ್ಕೊಂಡು ಗುಜರಿಗೆ ಹಾಕ್ತಾನೆ ಅಂತ. ನಾನು ಅವರ ಮೇಲೆ ಸಿಟ್ಟು ಮಾಡ್ಕಂಡೆ. ನನ್ನ ಮಗ ಅಂಥೋನಲ್ಲ, ಅವನೇ ರಿಪೇರಿ ಮಾಡಿಸಿ ತಂಗಿಗೆ ಕೊಡ್ತಾನೆ ನೋಡ್ರಿ ಅಂದೆ. ಒಂಬತ್ತು ವರ್ಷ ಆತಲ್ಲ, ನಡುನಡುವೆ ನನಗೂ ಸಂಶಯ ಬರೋದು. ತಪ್ಪಾತು ಕಣಪ್ಪ. ನನ್ನ ಮಾತು ಉಳಿಸ್ದೆ ನೀನು."

ಮಾಲತೇಶನಿಗೆ ಆಗ ಆದ ನೋವನ್ನು ಸುಮ್ಮನೆ ತಮಾಷೆ ಮಾಡಿ ಬಿಟ್ಟುಬಿಡುವುದು ಸರಿಯಲ್ಲ. ಅವನಿಗೆ ನಿಜವಾಗಿಯೂ ಅಳು ಬಂತು. ಒಂದೇ ಒಂದು ವಾಕ್ಯ ಹೇಳಿದರೆ ಗಾಡಿ ಉಳಿಯುತ್ತದೆ. ಆ ಒಂದು ವಾಕ್ಯ ಹೇಳಿದರೆ ಸತ್ತ ಅಪ್ಪ ಗೆಲ್ಲುತ್ತಾರೆ, ತೋಳಿನ ಮೇಲಿನ ಈ ಕೈ ಇನ್ನು ಯಾವತ್ತೂ ಇಲ್ಲಿಗೆ ಬರುವುದಿಲ್ಲ. ಅವನು ಹೆಂಡತಿಯ ಕಡೆ ನೋಡಿದ. ಎಂಥ ಸಂಕಟದಲ್ಲೂ ಒಂದು ಉತ್ತರ ಹುಡುಕುತ್ತಿದ್ದ ನಾಗವೇಣಿ, ಗೋಡೆಗೆ ಒರಗಿ, ಬತ್ತಿದ ಧ್ವನಿಯಲ್ಲಿ ನಾದಿನಿಗೆ ಹೇಳಿದಳು:

"ಚಾರ್ಜರು ಡಿಕ್ಕಿನಾಗೈತೆ ಜ್ಯೋತಿ. ರಾತ್ರಿ ಹಾಕಿ ಮಲಗ್ರಿ."

ಮಗನ ಕಣ್ಣೀರು ನೋಡಿ ಗುಡ್ಡಮ್ಮ ಇನ್ನೂ ಹಿಗ್ಗಿದಳು. ಲೋಕಪ್ಪನ ಕಣ್ಣೂ ಒದ್ದೆಯಾಯಿತು. ಅವನು ಎದ್ದು ಬಂದು ಮಾಲತೇಶನ ಕೈ ಹಿಡಿದು, ಇಂಥ ಭಾವ ಊರಿಗೇ ಇಲ್ಲ ಎಂದ. ಆಮೇಲೆ ಸ್ವಲ್ಪ ಸಂಕೋಚದಿಂದ ಅವನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋದ. ಅಲ್ಲಿ ಬಳ್ಳಿ ಹಬ್ಬಿದ ಒಂದು ಗುಡ್ಡೆ ಇತ್ತು. ಲೋಕಪ್ಪ ಬಳ್ಳಿ ಸರಿಸಿದ ಮೇಲೆ ಒಳಗೆ ಒಂದು ಜೀಪು ಇರುವುದು ತಿಳಿಯಿತು. ಪೂರ್ತಿ ಜೀಪಲ್ಲ, ಜೀಪಿನಲ್ಲಿ ಸಾಮಾನ್ಯವಾಗಿ ಇರಬೇಕಾದುದರಲ್ಲಿ ಸುಮಾರು ಅರ್ಧ.

"ನಮ್ಮ ಅಪ್ಪಯ್ಯಂದು, ಭಾವ" ಎಂದ ಲೋಕಪ್ಪ. "ಚಿಕ್ಕಬೀರಪ್ಪ ಮಿಸ್ತ್ರಿ ಹತ್ರ ಇದನ್ನೂ ಒಂದು ಕೊಟ್ಬಿಡಿ. ನೀವು ಹೇಳಿದ್ರೆ ಆತ ಇಲ್ಲ ಅನ್ನಲ್ಲ ಮಾರಾಯ್ರೆ."

ಮಿಸ್ತ್ರಿಗೆ ಪುರುಸೊತ್ತಿಲ್ಲ ಎಂದ ಮಾಲತೇಶ. ಹಾಗಾದರೆ ಫೋನ್ ನಂಬರ್ ಕೊಡಿ, ನಾನೇ ಕೈಕಾಲು ಹಿಡಿಯುತ್ತೇನೆ ಎಂದ ಲೋಕಪ್ಪ. ಬೇಡ ಬೇಡ, ನಾನೇ ಮಾತಾಡಿ ಮಾಡಿಸುತ್ತೇನೆ ಎಂದುಬಿಟ್ಟ ಮಾಲತೇಶ.

ಸಂಜೆ ನಾಲ್ಕಕ್ಕೆ ಮೆರವಣಿಗೆ ಹೊರಟಿತು. ಮುಂದೆ ಲೋಕಪ್ಪನ ಟ್ರ್ಯಾಕ್ಟರು, ಅದರ ಹಿಂದೆ ಹಗ್ಗ, ಹಗ್ಗದ ತುದಿಗೆ ಜೀಪು. ಸ್ಟೇರಿಂಗ್ ಹಿಡಿಯಲು ಯಾರಾದರೂ ಬೇಕಲ್ಲ ಎಂದು ಮಾಲತೇಶ ಜೀಪಿನಲ್ಲಿ ಕೂತ. ಇನ್ನೊಂದು ಸೀಟು ಇರಲಿಲ್ಲವಾದ್ದರಿಂದ ನಾಗವೇಣಿ ಒಂದು ಕಲ್ಲಿನ ಮೇಲೆ ಗೋಣಿಚೀಲ ಹಾಸಿಕೊಂಡು ಕೂತಳು. ಗುಡ್ಡಮ್ಮ ಬರಲಿಲ್ಲ. ಗಾಡಿ ಈಗ ತಾನೇ ಬಂದಿದೆ, ಸ್ವಲ್ಪ ದಿನ ಮಗಳ ಜೊತೆ ಅದರಲ್ಲಿ ಸುತ್ತಾಡಿಕೊಂಡು ಇರುತ್ತೇನೆ, ಜೀಪು ರಿಪೇರಿಯಾಗಿ ಬಂದಾಗ ಅದರಲ್ಲೇ ಊರಿಗೆ ಬರುತ್ತೇನೆ ಎಂದಳು.

ಸೊರಬ ದಾಟಿದ ಮೇಲೆ ನಾಗವೇಣಿ ಫೋನು ತೆಗೆದು ಏನನ್ನೋ ಹುಡುಕತೊಡಗಿದಳು. ಏನು ನೋಡುತ್ತಿದ್ದೀಯ ಎಂದು ಮಾಲತೇಶ ಹೆದರುತ್ತಲೇ ಕೇಳಿದ. ಈ ಜೀಪಿನ ಹೆಸರನ್ನೂ ಯಾವುದಾದರೂ ಕಂಪನಿ ಮತ್ತೆ ಇಡುವುದಿದೆಯೇ ನೋಡುತ್ತಿದ್ದೇನೆ, ಆದರೆ ಹೆಸರಿನ ಅಕ್ಷರಗಳೇ ಉದುರಿಹೋಗಿವೆ ಎಂದಳು.

ಆ ಮಾತು ಮಾಲತೇಶನಿಗೆ ನಾಟಿತು. ಇನ್ನೊಂದು ಒಂಬತ್ತು ವರ್ಷ, ಇನ್ನೊಂದು ಒಂಬತ್ತು ಭರಣಿ ಉಪ್ಪಿನಕಾಯಿ. ಹುಟ್ಟಿದಾಗಿನಿಂದ ಎಲ್ಲಿ ಅಡಗಿತ್ತೋ, ಈಸೂರಿನ ಧೈರ್ಯ ಅವನ ಎದೆಗೆ ಒಮ್ಮೆಲೇ ನುಗ್ಗಿತು. ನಿಲ್ಲಿಸಿ ಎಂದು ಕೂಗಿದ. ಟ್ರ್ಯಾಕ್ಟರು ನಿಂತಿತು. ಕೆಳಗಿಳಿದ. ಈಗಲೇ ಹೇಳಿಬಿಡುತ್ತೇನೆ, ಆದದ್ದಾಗಲಿ ಎಂದು ನಾಗವೇಣಿಗೆ ಹೇಳಿ ಫೋನು ತೆಗೆದುಕೊಂಡು, ತಂಗಿಗೆ ಕರೆ ಮಾಡಿ, ಅವ್ವನಿಗೆ ಕೊಡು ಎಂದ. ಧ್ವನಿ ಗಟ್ಟಿಯಾಗಿತ್ತು. ಮದುವೆಯಾದ ಮೇಲೆ ಮೊದಲ ಸಲ ನಾಗವೇಣಿ ಗಂಡನನ್ನು ಗೌರವದಿಂದ ನೋಡಿದಳು.

"ಅವ್ವ, ನಿನ್ನ ಹತ್ರ ಒಂದು ಮಾತು ಹೇಳ್ಬೇಕು" ಎಂದ ಮಾಲತೇಶ.

"ಏನಪ್ಪ?" ಎಂದಳು ಗುಡ್ಡಮ್ಮ.

ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಅದು ಹೋಗುವವರೆಗೂ ಮಾಲತೇಶ ಕಾದ. ಅದು ಹೋಗಿ ಕಣ್ಮರೆಯಾದ ಮೇಲೂ ಸ್ವಲ್ಪ ಹೊತ್ತು ಕಾದ.

"ಜೀಪಿಗೆ ಯಾವ ಬಣ್ಣ ಹೊಡೆಸ್ಲಿ?"

ಗುಡ್ಡಮ್ಮ ಆ ಕಡೆ ನಕ್ಕಳು. "ಅದೆಲ್ಲ ನಮಗೇನ್ ಗೊತ್ತಾಗುತ್ತೆ" ಎಂದಳು. "ಚಿಕ್ಕಬೀರಪ್ಪನ್ನೇ ಕೇಳು."